ಕಂಡದ್ದನ್ನೇ ಬಿಡಿಸಿದ ಮಾಸ್ತರು: ಡಾ. ಬಿ.ಜಿ.ಎಲ್. ಸ್ವಾಮಿ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಬ್ಬ ವಿಜ್ಞಾನಿಯ ಜೀವನ ಪರಿಚಯ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ವಿಜ್ಞಾನಿ ಎಂದ ಕೂಡಲೇ ಸಿ.ವಿ. ರಾಮನ್ ಅವರ ಹೆಸರು ಎಲ್ಲರ ಬಾಯಿಗೆ ಬರುತ್ತದೆ. ಫೆಬ್ರುವರಿ 28ರಂದು ಅವರ ಬಗ್ಗೆ ಮಕ್ಕಳು ಪ್ರತಿ ವರ್ಷ ಭಾಷಣ ಮಾಡುತ್ತಾರೆ, ಬಹುಮಾನವನ್ನೂ ಪಡೆಯುತ್ತಾರೆ. ನಾನು ಬೇರೊಬ್ಬರನ್ನು ಆರಿಸಿಕೊಂಡಿದ್ದೇನೆ. ಅವರು ಡಾ. ಬಿ.ಜಿ.ಎಲ್. ಸ್ವಾಮಿ. ಕನ್ನಡ ಓದುವವರಿಗೆ ಅವರು ಹಾಸ್ಯ ಲೇಖಕರಾಗಿ, ‘ಹಸುರು ಹೊನ್ನು’ ಪುಸ್ತಕದ ಕರ್ತೃವಾಗಿ ಗೊತ್ತು. ಡಿ.ವಿ. ಗುಂಡಪ್ಪನವರ ಮಗ ಎಂದೂ ಗೊತ್ತು. ಆದರೆ ಪ್ರಯೋಗಾಲಯದ ಮೇಜಿನ ಮುಂದೆ ರೇಜರ್ ಹಿಡಿದು ಕೂತ ಸ್ವಾಮಿಯವರು ಅಷ್ಟಾಗಿ ಗೊತ್ತಿಲ್ಲ. ನಾನು ಹೇಳಹೊರಟಿರುವುದು ಅವರ ಬಗ್ಗೆ.

ಈ ಆಯ್ಕೆಗೆ ಕಾರಣ ಹೇಳಬೇಕಾದರೆ ನನ್ನದೇ ಒಂದು ತಪ್ಪಿನಿಂದ ಶುರು ಮಾಡಬೇಕು. ನಾನು ಹೈಸ್ಕೂಲು ಓದಿದ್ದು ಬೇರೊಂದು ಊರಿನಲ್ಲಿ. ಅಲ್ಲಿ ಒಂದು ದಿನ ಉಳ್ಳಾಗಡ್ಡಿಯ ಪದರದಲ್ಲಿ ಜೀವಕೋಶ ನೋಡುವ ಪ್ರಯೋಗವಿತ್ತು. ಇದ್ದ ಒಂದೇ ಸೂಕ್ಷ್ಮದರ್ಶಕದ ಮುಂದೆ ಸಾಲಾಗಿ ನಿಂತು, ನನ್ನ ಪಾಳಿ ಬಂದಾಗ ಕಣ್ಣಿಟ್ಟೆ. ಕಪ್ಪು ಅಂಚಿನ ದುಂಡನೆಯ ಒಂದು ಬಳೆ ಕಂಡಿತು. ಪುಸ್ತಕದ ಚಿತ್ರದಲ್ಲಿ ಇಟ್ಟಿಗೆ ಜೋಡಿಸಿದಂಥ ಉದ್ದುದ್ದನೆಯ ಮನೆಗಳು, ಪ್ರತಿ ಮನೆಯಲ್ಲೊಂದು ಚುಕ್ಕೆ. ಎರಡಕ್ಕೂ ತಾಳೆಯಾಗಲಿಲ್ಲ. ತಾಳೆಯಾಗಲಿಲ್ಲವೆಂದು ಯಾರನ್ನೂ ಕೇಳಲಿಲ್ಲ. ರೆಕಾರ್ಡಿನಲ್ಲಿ ಪುಸ್ತಕದ ಚಿತ್ರವನ್ನೇ ನೀಟಾಗಿ ಬಿಡಿಸಿದೆ, ಹತ್ತಕ್ಕೆ ಹತ್ತು ಬಂತು. ಅಂದು ನಾನು ನೋಡಿದ್ದು ಗಾಳಿಯ ಗುಳ್ಳೆ ಎಂಬುದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ನಾನೇ ಪಾಠ ಹೇಳಲು ನಿಂತಾಗ. ಆ ಹತ್ತು ಅಂಕ ಈಗಲೂ ನನ್ನನ್ನು ಚುಚ್ಚುತ್ತದೆ. ಇಂಥ ಸುಳ್ಳು ಚಿತ್ರ ಬಿಡಿಸದ ಒಬ್ಬ ಮನುಷ್ಯನ ಬದುಕು ನಮ್ಮ ಹಳೆಯ ವಿದ್ಯಾರ್ಥಿಗಳಿಗೂ, ಈಗ ಕಲಿಯುತ್ತಿರುವ ಮಕ್ಕಳಿಗೂ ಗೊತ್ತಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಬೆಂಗಳೂರು ಗುಂಡಪ್ಪ ಲಕ್ಷ್ಮೀನಾರಾಯಣ ಸ್ವಾಮಿಯವರು ಹುಟ್ಟಿದ್ದು 1918ರ ಫೆಬ್ರುವರಿ 5ರಂದು. ತಂದೆ ಡಿ.ವಿ.ಜಿ. ಪತ್ರಕರ್ತರು, ಕವಿಗಳು, ಸಾರ್ವಜನಿಕ ಜೀವನದಲ್ಲಿ ದೊಡ್ಡ ಹೆಸರು. ಹೆಸರು ದೊಡ್ಡದಿತ್ತೇ ಹೊರತು ಮನೆಯಲ್ಲಿ ಹಣವಿರಲಿಲ್ಲ. ಮನೆಗೆ ಬಂದು ಹೋಗುವವರೆಲ್ಲ ಸಾಹಿತಿಗಳು, ವಿದ್ವಾಂಸರು. ಅಂಥ ಮನೆಯ ಹುಡುಗ ಸಾಹಿತ್ಯವನ್ನೋ ತತ್ತ್ವಶಾಸ್ತ್ರವನ್ನೋ ಹಿಡಿಯಬಹುದಿತ್ತು. ಸ್ವಾಮಿಯವರು ಹಿಡಿದದ್ದು ಗಿಡಗಳನ್ನು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಆನರ್ಸ್ ಪದವಿ ಮುಗಿಸಿದರು.

ಪದವಿಯೇನೋ ಬಂತು, ಸಂಶೋಧನೆ ಮಾಡಲು ಒಂದು ನೆಲೆ ಸಿಗಲಿಲ್ಲ. ಈ ಮಾತು ನಮ್ಮ ಕಡೆಯ ಪದವೀಧರರಿಗೆ ವಿವರಿಸಿ ಹೇಳಬೇಕಾಗಿಲ್ಲ. ಸ್ವಾಮಿಯವರು ಮನೆಯಲ್ಲೇ ಕೆಲಸಕ್ಕೆ ಕೂತರು. 1940ರ ದಶಕದ ಮೊದಲ ವರ್ಷಗಳಲ್ಲಿ, ದೊಡ್ಡ ಪ್ರಯೋಗಾಲಯದ ಆಸರೆಯಿಲ್ಲದೆ, ಅವರು ಕೈಗೆತ್ತಿಕೊಂಡ ಗಿಡಗಳು ಆರ್ಕಿಡ್‌ಗಳು. ನಮ್ಮ ಮಲೆನಾಡಿನ ಸೆರಗಿನಲ್ಲಿ ಮರಗಳ ಮೇಲೆ ಬೆಳೆದು ಮಳೆಗಾಲದ ಹೊತ್ತಿಗೆ ಹೂಗೊಂಚಲು ಇಳಿಬಿಡುವ ಸೀತಾಳೆ ದಂಡೆ ಇದೇ ಜಾತಿಯದು. ಹುಲ್ಲುಗಾವಲಿನಲ್ಲಿ ಕಂಡೂ ಕಾಣದಂತೆ ಬೆಳೆಯುವ ಝ್ಯೂಕ್ಸಿನ್ ಎಂಬ ಪುಟ್ಟ ಗಿಡ, ಮರದ ಕಾಂಡಕ್ಕೆ ಅಂಟಿ ದಪ್ಪ ಎಲೆ ಚಾಚುವ ಸಿಂಬಿಡಿಯಮ್ ಇವೆಲ್ಲ ಅವರ ಮೇಜಿನ ಮೇಲೆ ಬಂದವು. ಒಂದೊಂದರ ಮೇಲೂ ಅವರು ಪ್ರಬಂಧ ಬರೆದರು.

ಆರ್ಕಿಡ್ ಯಾಕೆ ಕಷ್ಟದ ಗಿಡ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಸ್ವಾಮಿಯವರ ಬದುಕಿನ ತಿರುಳು ಅಲ್ಲೇ ಇದೆ. ಅವರೆಕಾಳನ್ನು ನೆನೆಹಾಕಿ ಸಿಪ್ಪೆ ಬಿಡಿಸಿದರೆ ಎರಡು ದಳ, ನಡುವೆ ಮೊಳಕೆ ಕಣ್ಣಿಗೇ ಕಾಣುತ್ತದೆ. ಆರ್ಕಿಡ್‌ನ ಬೀಜ ಹಾಗಲ್ಲ. ಅದು ಬರೀ ಧೂಳು. ಒಂದು ಕಾಯಿಯಲ್ಲಿ ಸಾವಿರ, ಲಕ್ಷಗಳ ಲೆಕ್ಕದಲ್ಲಿ ಬೀಜ. ಮೊಳಕೆಗೆ ಬುತ್ತಿ ಕಟ್ಟಿಕೊಡುವ ಅಂಗಾಂಶವೂ ಅದರಲ್ಲಿ ಬೆಳೆಯುವುದಿಲ್ಲ. ಇನ್ನೂ ಒಂದು ವಿಚಿತ್ರವಿದೆ. ಬಹಳಷ್ಟು ಗಿಡಗಳಲ್ಲಿ ಹೂ ಅರಳುವ ಹೊತ್ತಿಗೆ ಒಳಗೆ ಅಂಡಾಣು ಸಿದ್ಧವಾಗಿ ಕಾದಿರುತ್ತದೆ. ಆರ್ಕಿಡ್‌ನಲ್ಲಿ ಪರಾಗ ಬಂದು ಬಿದ್ದ ಮೇಲೆಯೇ ಅಂಡಕಗಳು ಬೆಳೆಯಲು ಶುರುವಾಗುತ್ತವೆ. ಹೀಗಾಗಿ ಒಳಗಿನ ಕತೆ ತಿಳಿಯಬೇಕಾದರೆ ಪರಾಗಸ್ಪರ್ಶವಾದ ಹೂಗಳನ್ನು ಗುರುತು ಹಾಕಿಕೊಂಡು, ದಿನಗಳನ್ನು ಎಣಿಸುತ್ತ, ಒಂದೊಂದು ಹಂತದ ಕಾಯನ್ನು ಕಿತ್ತು ಇಡಬೇಕು.

ಕಿತ್ತದ್ದನ್ನು ಹಾಗೇ ಇಟ್ಟರೆ ಬಾಡಿ ಹಾಳಾಗುತ್ತದೆ. ಫಾರ್ಮಾಲಿನ್, ಅಸೆಟಿಕ್ ಆಮ್ಲ, ಆಲ್ಕೋಹಾಲ್ ಬೆರೆಸಿದ ದ್ರವದಲ್ಲಿ ಮುಳುಗಿಸಬೇಕು. ಆಮೇಲೆ ಕ್ರಮವಾಗಿ ಹೆಚ್ಚು ಹೆಚ್ಚು ಗಟ್ಟಿಯ ಆಲ್ಕೋಹಾಲಿನಲ್ಲಿ ಇಟ್ಟು ನೀರನ್ನೆಲ್ಲ ತೆಗೆಯಬೇಕು, ಕರಗಿದ ಮೇಣವನ್ನು ಒಳಗೆ ಊಡಬೇಕು. ಮೇಣ ಗಟ್ಟಿಯಾದ ಮೇಲೆ ಮೈಕ್ರೋಟೋಮ್ ಎಂಬ ಯಂತ್ರದಿಂದ ಸೀಳುಗಳನ್ನು ತೆಗೆಯುವುದು. ಒಂದು ಸೀಳಿನ ದಪ್ಪ ಸುಮಾರು 10 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ನೂರರಲ್ಲಿ ಒಂದು ಪಾಲು. ಎರಡು ಮಿಲಿಮೀಟರ್ ಉದ್ದದ ತುಂಡಿನಿಂದ 200 ಸೀಳು ಬರುತ್ತವೆ. ಅವು ಒಂದಕ್ಕೊಂದು ಅಂಟಿಕೊಂಡು ರಿಬ್ಬನ್ನಿನ ಹಾಗೆ ಇಳಿಯುತ್ತವೆ. ಆ ರಿಬ್ಬನ್ನನ್ನು ಕ್ರಮ ತಪ್ಪದಂತೆ ಗಾಜಿನ ಪಟ್ಟಿಯ ಮೇಲೆ ಮಲಗಿಸಿ, ಮೇಣ ಕರಗಿಸಿ ತೆಗೆದು, ಬಣ್ಣ ಹಾಕಿ, ಆಮೇಲೆ ನೋಡಲು ಕೂರಬೇಕು. ಬಾಗಿಲಿನಿಂದ ಗಾಳಿ ಬಂದರೆ ಒಂದು ವಾರದ ಕೆಲಸ ಹಾರಿಹೋಗುತ್ತದೆ. ಸೀನಿದರೂ ಅಷ್ಟೇ.

ಕ್ರಮ ಯಾಕೆ ತಪ್ಪಬಾರದು? ಹೂಬಿಡುವ ಗಿಡಗಳ ಭ್ರೂಣಚೀಲದಲ್ಲಿ ಸಾಮಾನ್ಯವಾಗಿ ಎಂಟು ಕೋಶಕೇಂದ್ರಗಳಿರುತ್ತವೆ. ಕೆಲವು ಆರ್ಕಿಡ್‌ಗಳಲ್ಲಿ ಅಷ್ಟು ಸಿಗುವುದಿಲ್ಲ, ಆರೋ ಐದೋ ಇರುತ್ತವೆ. ಒಬ್ಬ ವಿದ್ಯಾರ್ಥಿ ಒಂದು ಸೀಳನ್ನು ನೋಡಿ ಆರು ಎಣಿಸಿದ ಎನ್ನೋಣ. ಉಳಿದ ಎರಡು ನಿಜವಾಗಿ ಇಲ್ಲವೋ, ಅಥವಾ ಪಕ್ಕದ ಸೀಳಿಗೆ ಹೋಗಿವೆಯೋ? ಪಕ್ಕದ ಸೀಳು ನೋಡಬೇಕು, ಅದರ ಪಕ್ಕದ್ದನ್ನೂ ನೋಡಬೇಕು. ಬೇರೆ ಹೂವಿನಲ್ಲಿ ನೋಡಬೇಕು, ಹಿಂದಿನ ಮುಂದಿನ ದಿನಗಳ ಕಾಯಿಗಳಲ್ಲಿ ನೋಡಬೇಕು. ನನಗೆ ಕಾಣಲಿಲ್ಲ ಎಂಬುದು ಒಂದು ಮಾತು, ಅಲ್ಲಿ ಇಲ್ಲ ಎಂಬುದು ಇನ್ನೊಂದು ಮಾತು. ಮೊದಲನೆಯದರಿಂದ ಎರಡನೆಯದಕ್ಕೆ ಹೋಗಲು ನೂರಾರು ಸೀಳುಗಳ ದಾರಿ ನಡೆಯಬೇಕು. ಪುಸ್ತಕದಲ್ಲಿ ಎಂಟು ಎಂದಿದೆ, ಆದ್ದರಿಂದ ಎಂಟೇ ಬಿಡಿಸೋಣ ಎಂದು ಕೂತವರು ಯಾರೂ ಹೊಸದೇನನ್ನೂ ಕಾಣಲಾರರು. ಸ್ವಾಮಿಯವರು ಆರ್ಕಿಡ್‌ಗಳನ್ನು ಒಂದೊಂದಾಗಿ ಹೀಗೆ ಸೀಳಿ, ಎಣಿಸಿ, ಬಿಡಿಸಿದರು. ಮಾರ್ಗದರ್ಶಕರೊಬ್ಬರ ನೆರಳಿನಲ್ಲಲ್ಲದೆ ಬಹುಮಟ್ಟಿಗೆ ತಾವೇ ನಡೆಸಿದ ಈ ಕೆಲಸಕ್ಕೆ ಮೈಸೂರು ವಿಶ್ವವಿದ್ಯಾಲಯ ಡಿ.ಎಸ್ಸಿ. ಪದವಿ ಕೊಟ್ಟಿತು. ಆರ್ಕಿಡ್ ಭ್ರೂಣಶಾಸ್ತ್ರದ ಮೇಲೆ ಅವರು 1949ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ ಎರಡು ದೀರ್ಘ ಪ್ರಬಂಧಗಳನ್ನು ಆ ವಿಷಯದ ಮೇಲೆ ಕೆಲಸ ಮಾಡುವವರು ಇಂದಿಗೂ ತೆರೆದು ನೋಡುತ್ತಾರೆ.

ಅಷ್ಟು ಹೊತ್ತಿಗೆ ಅವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಹೋಗಿದ್ದರು. ಅಲ್ಲಿ ಅವರಿಗೆ ಸಿಕ್ಕ ಗುರು ಇರ್ವಿಂಗ್ ಬೇಯ್ಲಿ. ಕಟ್ಟಿಗೆಯ ಒಳರಚನೆಯನ್ನು ಓದುವುದರಲ್ಲಿ ಜಗತ್ತಿನಲ್ಲೇ ದೊಡ್ಡ ಪಂಡಿತ. ಬೇಯ್ಲಿಯವರ ಪ್ರಶ್ನೆ ಹೂಬಿಡುವ ಗಿಡಗಳ ಪೈಕಿ ಬಹಳ ಹಳೆಯ ಕಾಲದ ಲಕ್ಷಣ ಉಳಿಸಿಕೊಂಡವು ಯಾವುವು ಎಂಬುದಾಗಿತ್ತು. ಇದನ್ನು ತಿಳಿಯುವ ಒಂದು ದಾರಿ ಕಟ್ಟಿಗೆಯಲ್ಲಿ ನೀರು ಏರುವ ಬಗೆಯನ್ನು ನೋಡುವುದು. ನಮ್ಮ ಹಳ್ಳಿಯ ಲೆಕ್ಕದಲ್ಲಿ ಹೇಳುವುದಾದರೆ, ಬಿದಿರಿನ ಗಣ್ಣುಗಳನ್ನು ಒಡೆದು ತೂತು ಮಾಡಿ ತುಂಡುಗಳನ್ನು ಜೋಡಿಸಿದರೆ ನೀರು ಸರಾಗ ಹರಿಯುವ ಕೊಳವೆಯಾಗುತ್ತದೆ. ಬಹುಪಾಲು ಹೂಗಿಡಗಳಲ್ಲಿ ಇಂಥ ಕೊಳವೆಗಳೇ ಇವೆ. ಪೈನ್ ಮರಗಳಂಥ ಹಳೆಯ ಕುಲದವುಗಳಲ್ಲಿ ಗಣ್ಣು ಒಡೆದಿಲ್ಲ. ಗೋಡೆಯಲ್ಲಿನ ಸಣ್ಣ ಗುಳಿಗಳ ತೆಳುಪೊರೆಯ ಮೂಲಕ ನೀರು ಒಂದು ಕೋಶದಿಂದ ಇನ್ನೊಂದಕ್ಕೆ ಜಿನುಗುತ್ತ ಹೋಗಬೇಕು. ಹೂಬಿಡುವ ಗಿಡವೊಂದರಲ್ಲಿ ಕೊಳವೆಯೇ ಇಲ್ಲದಿದ್ದರೆ ಅದು ಹಳೆಯ ಕಾಲದ ಗುರುತು ಎಂದು ಬೇಯ್ಲಿ ಭಾವಿಸಿದ್ದರು.

ಪೆಸಿಫಿಕ್ ಸಾಗರದ ನ್ಯೂ ಕ್ಯಾಲಿಡೋನಿಯ ದ್ವೀಪದಲ್ಲಿ ಮಾತ್ರ ಬೆಳೆಯುವ ಅಂಬೊರೆಲ್ಲ ಎಂಬ ಒಂದು ಪೊದೆ ಇದೆ. ಅದರ ಕಟ್ಟಿಗೆಯಲ್ಲಿ ಕೊಳವೆಗಳಿಲ್ಲವೆಂದು ಬೇಯ್ಲಿ ಮತ್ತು ಸ್ವಾಮಿ ಇಬ್ಬರೂ ಸೇರಿ 1948ರಲ್ಲಿ ಪ್ರಕಟಿಸಿದರು. ಆಗ ಅದು ಕೆಲವೇ ಪಂಡಿತರಿಗೆ ರುಚಿಸುವ ಸುದ್ದಿ. ಐವತ್ತೊಂದು ವರ್ಷ ಕಳೆದು 1999ರಲ್ಲಿ ಡಿ.ಎನ್.ಎ. ಹೋಲಿಸಿ ನೋಡಿದ ವಿಜ್ಞಾನಿಗಳು, ಈಗ ಬದುಕಿರುವ ಹೂಗಿಡಗಳ ವಂಶವೃಕ್ಷದಲ್ಲಿ ಎಲ್ಲಕ್ಕಿಂತ ಮೊದಲು ಕವಲೊಡೆದದ್ದು ಈ ಅಂಬೊರೆಲ್ಲದ ಕುಲವೇ ಎಂದು ತೋರಿಸಿದರು. ಒಬ್ಬ ಕನ್ನಡಿಗ ಆ ಪೊದೆಯ ಒಂದು ಚೂರು ಕಟ್ಟಿಗೆಯನ್ನು ಅಷ್ಟು ಮೊದಲೇ ಗಾಜಿನ ಮೇಲೆ ಇಟ್ಟು ನೋಡಿದ್ದ ಎಂಬುದು ನಮ್ಮ ಪಠ್ಯಪುಸ್ತಕದಲ್ಲಿ ಬರಬೇಕಾದ ಮಾತು ಎಂದು ನನ್ನ ಅನಿಸಿಕೆ.

ಎರಡನೆಯ ಗಿಡ ಸಾರ್ಕಾಂಡ್ರ. ಇದು ದೂರದ ದ್ವೀಪದ್ದಲ್ಲ, ನಮ್ಮ ದಕ್ಷಿಣ ಭಾರತದ ಬೆಟ್ಟದ ಕಾಡುಗಳಲ್ಲಿಯೂ ನೆರಳಿನಲ್ಲಿ ಬೆಳೆಯುವ ಸಣ್ಣ ಪೊದೆ. ಅದರ ಹತ್ತಿರದ ನೆಂಟರಲ್ಲೆಲ್ಲ ಕೊಳವೆಗಳಿವೆ. ಸಾರ್ಕಾಂಡ್ರದಲ್ಲಿ ಮಾತ್ರ ಇಲ್ಲ ಎಂದು ಸ್ವಾಮಿ ಮತ್ತು ಬೇಯ್ಲಿ 1950ರಲ್ಲಿ ಬರೆದರು. ಸಸ್ಯಶಾಸ್ತ್ರಜ್ಞರ ನಡುವೆ ಇದು ದೊಡ್ಡ ಹೆಸರು ತಂದ ಶೋಧ. ಸಾರ್ಕಾಂಡ್ರದ ಒಂದು ಪ್ರಭೇದಕ್ಕೆ ಸ್ವಾಮಿಯವರು ತಮ್ಮ ಗುರು ಇರ್ವಿಂಗ್ ಬೇಯ್ಲಿಯವರ ಹೆಸರಿಟ್ಟರು. ಅದೇ ಕುಟುಂಬದ ಅಸ್ಕರಿನ ಎಂಬ ಗಿಡದ ಪ್ರಭೇದವೊಂದಕ್ಕೆ ಭಾರತದ ಹೆಸರಾಂತ ಭ್ರೂಣಶಾಸ್ತ್ರಜ್ಞ ಪಂಚಾನನ ಮಾಹೇಶ್ವರಿಯವರ ಹೆಸರು. ಗುರುದಕ್ಷಿಣೆ ಕೊಡುವ ಸಸ್ಯಶಾಸ್ತ್ರಜ್ಞರ ರೀತಿ ಇದು. ಸಾರ್ಕಾಂಡ್ರದ ಕತೆ ಇಲ್ಲಿಗೆ ಮುಗಿಯಲಿಲ್ಲ, ಅದಕ್ಕೆ ಆಮೇಲೆ ಬರುತ್ತೇನೆ.

ಅಮೆರಿಕದಲ್ಲೇ ಉಳಿಯದೆ ಸ್ವಾಮಿಯವರು ಭಾರತಕ್ಕೆ ಮರಳಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾದರು. ಸುಮಾರು ಕಾಲು ಶತಮಾನ ಅಲ್ಲೇ ಕಳೆದು, ವಿಭಾಗದ ಮುಖ್ಯಸ್ಥರಾಗಿ, ಕೊನೆಗೆ ಪ್ರಾಂಶುಪಾಲರೂ ಆದರು. ಸಹೋದ್ಯೋಗಿಗಳ ಜಗಳ, ಕಾಲೇಜಿನ ಕಚೇರಿಯ ಕಾಗದಪತ್ರ, ಭಾಷಾಭಿಮಾನದ ಕಾವು ಇವೆಲ್ಲವನ್ನೂ ಕಂಡು, ನಗುತ್ತ ನಗಿಸುತ್ತ ‘ಪ್ರಾಧ್ಯಾಪಕನ ಪೀಠದಲ್ಲಿ’, ‘ತಮಿಳು ತಲೆಗಳ ನಡುವೆ’ ಮೊದಲಾದ ಪುಸ್ತಕಗಳಲ್ಲಿ ಬರೆದರು. ಅವರ ‘ಕಾಲೇಜು ರಂಗ’ವನ್ನು ಪುಟ್ಟಣ್ಣ ಕಣಗಾಲರು 1976ರಲ್ಲಿ ಚಲನಚಿತ್ರ ಮಾಡಿದ್ದು ಹಿರಿಯರಿಗೆ ನೆನಪಿರಬಹುದು. ಆ ಹಾಸ್ಯದ ಬಗ್ಗೆ ಬರೆಯುವವರು ಬಹಳ ಜನ ಇದ್ದಾರೆ, ನಾನು ಮುಂದೆ ಹೋಗುತ್ತೇನೆ.

ಮಾಸ್ತರಾಗಿ ಅವರು ಮಾಡಿದ ದೊಡ್ಡ ಕೆಲಸ ವಿದ್ಯಾರ್ಥಿಗಳನ್ನು ಕಾಡಿಗೆ ಕರೆದುಕೊಂಡು ಹೋದದ್ದು. ಮದರಾಸಿನ ಸಮುದ್ರ ದಂಡೆಯ ಕಾಲೇಜಿನ ಹುಡುಗರು ಹುಡುಗಿಯರು ಗಿಡವನ್ನು ನೋಡಿದ್ದೇ ಬಾಟಲಿಯಲ್ಲಿ, ಒಣಗಿಸಿ ಅಂಟಿಸಿದ ಹಾಳೆಯಲ್ಲಿ. ಅವರನ್ನು ಪಶ್ಚಿಮ ಘಟ್ಟಕ್ಕೆ ಕರೆತಂದು, ಜಿಗಣೆ ಕಡಿಸಿಕೊಂಡು, ಮಳೆಯಲ್ಲಿ ನೆಂದು, ಗಿಡ ಇರುವಲ್ಲೇ ಅದನ್ನು ಪರಿಚಯ ಮಾಡಿಸುವ ಆ ಪ್ರವಾಸಗಳ ಅನುಭವದಿಂದ ಹುಟ್ಟಿದ್ದು ‘ಹಸುರು ಹೊನ್ನು’. ವಿಜ್ಞಾನದ ಪುಸ್ತಕವೋ, ಪ್ರವಾಸ ಕಥನವೋ, ಹರಟೆಯೋ ಹೇಳುವುದು ಕಷ್ಟ. ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ತಂದೆ ಡಿ.ವಿ.ಜಿ.ಯವರಿಗೆ ಅದೇ ಪ್ರಶಸ್ತಿ 1967ರಲ್ಲಿ ಭಗವದ್ಗೀತೆಯ ಮೇಲಿನ ಗ್ರಂಥಕ್ಕೆ ಬಂದಿತ್ತು. ತಂದೆಗೆ ಗೀತೆಗೆ, ಮಗನಿಗೆ ಗಿಡಕ್ಕೆ!

‘ಹಸುರು ಹೊನ್ನು’ವಿನ ಪುಟ ತಿರುವುವಾಗ ಮಕ್ಕಳಿಗೆ ನಾನು ಮೊದಲು ತೋರಿಸುವುದು ಅಕ್ಷರಗಳನ್ನಲ್ಲ, ಚಿತ್ರಗಳನ್ನು. ಅವನ್ನು ಬಿಡಿಸಿದ್ದು ಸ್ವಾಮಿಯವರೇ. ಎಲೆಯ ಅಂಚಿಗೆ ಹಲ್ಲು ಇದ್ದರೆ ಹಲ್ಲು, ಇಲ್ಲದಿದ್ದರೆ ಇಲ್ಲ. ಸೂಕ್ಷ್ಮದರ್ಶಕದ ಪಕ್ಕ ಕಾಗದ ಇಟ್ಟುಕೊಂಡು ವರ್ಷಗಟ್ಟಲೆ ಗೆರೆ ಎಳೆದ ಕೈ ಅದು. ಚಿತ್ರ ಬಿಡಿಸುವುದು ಜೀವಶಾಸ್ತ್ರದಲ್ಲಿ ಅಲಂಕಾರವಲ್ಲ. ಬಿಡಿಸಲು ಕೂತಾಗಲೇ ಈ ಗೆರೆ ಎಲ್ಲಿ ಮುಗಿಯುತ್ತದೆ, ಆ ಎಲೆ ಕಾಂಡಕ್ಕೆ ಎದುರುಬದುರಾಗಿ ಅಂಟಿದೆಯೋ ಒಂದಾದ ಮೇಲೊಂದು ಅಂಟಿದೆಯೋ ಎಂಬ ಪ್ರಶ್ನೆ ಹುಟ್ಟುವುದು. ಫೋನಿನಲ್ಲಿ ಫೋಟೋ ಹೊಡೆದುಕೊಂಡರೆ ಆ ಪ್ರಶ್ನೆ ಹುಟ್ಟುವುದಿಲ್ಲ. ಇದನ್ನು ಹೇಳಿದರೆ ಹುಡುಗರು ನನ್ನನ್ನು ಹಳೇ ಕಾಲದವನೆಂದು ನಗುತ್ತಾರೆ, ನಗಲಿ.

ಸ್ವಾಮಿಯವರು ಮಾಡಿದ ಕೆಲಸದ ಮೊದಲ ಮೆಟ್ಟಿಲನ್ನು ನಮ್ಮಂಥ ಹಳ್ಳಿಯ ಶಾಲೆಯಲ್ಲಿ ಹತ್ತಲು ಮೈಕ್ರೋಟೋಮ್ ಬೇಕಾಗಿಲ್ಲ. ಹೊಸ ರೇಜರ್ ಬ್ಲೇಡು, ಒಂದು ಗಜ್ಜರಿ, ಬಟ್ಟಲಲ್ಲಿ ನೀರು ಸಾಕು. ಗಜ್ಜರಿಯ ತುಂಡನ್ನು ಮೇಲಿನಿಂದ ಅರ್ಧ ಸೀಳಿ, ಆ ಸೀಳಿನಲ್ಲಿ ಎಲೆಯನ್ನೋ ಎಳೆಯ ಕಾಂಡವನ್ನೋ ಸಿಕ್ಕಿಸಿ, ಬ್ಲೇಡನ್ನು ನೀರಲ್ಲಿ ಅದ್ದಿ, ಒಂದೇ ಎಳೆತಕ್ಕೆ ತನ್ನ ಕಡೆಗೆ ಜಾರಿಸಬೇಕು. ಕೊಯ್ಯಬೇಕೇ ವಿನಾ ಒತ್ತಬಾರದು. ಸೀಳುಗಳನ್ನು ಬಟ್ಟಲಿಗೆ ಬಿಟ್ಟರೆ ತೆಳ್ಳನೆಯವು ಗಾಜಿನಂತೆ ಪಾರದರ್ಶಕವಾಗಿ ತೇಲುತ್ತವೆ, ಅವನ್ನೇ ಕುಂಚದಿಂದ ಎತ್ತಬೇಕು. ಮೊದಲ ದಿನ ಇಪ್ಪತ್ತು ಕೊಯ್ದರೆ ಒಂದು ಸರಿ ಬಂದೀತು. ಸಾಫ್ರನಿನ್ ಬಣ್ಣದ ಒಂದು ಹನಿ, ಸ್ವಲ್ಪ ಹೊತ್ತು ಬಿಟ್ಟು ನೀರಿನಲ್ಲಿ ತೊಳೆದು ಗ್ಲಿಸರಿನ್ ಒಂದು ಹನಿ. ಮೇಲಿನ ತೆಳುಗಾಜನ್ನು ಸೂಜಿಯ ಆಸರೆಯಲ್ಲಿ ಓರೆಯಾಗಿ ಹಿಡಿದು ಮೆಲ್ಲಗೆ ಇಳಿಸಬೇಕು. ಧಪ್ಪನೆ ಬಿಟ್ಟರೆ ಗಾಳಿಯ ಗುಳ್ಳೆ ಕೂರುತ್ತದೆ, ನನ್ನ ಆ ಕಪ್ಪು ಬಳೆ! ಅದು ಗುಳ್ಳೆಯೋ ಕೋಶವೋ ಎಂಬ ಸಂಶಯ ಬಂದರೆ ಸೂಜಿಯ ತುದಿಯಿಂದ ಗಾಜನ್ನು ಸ್ವಲ್ಪ ಒತ್ತಿ ನೋಡಬೇಕು. ಗುಳ್ಳೆಯಾದರೆ ಆಕಾರ ಬದಲಿಸುತ್ತದೆ, ಜಾರುತ್ತದೆ. ಕೋಶಗಳ ಸಾಲು ಆಕಾರ ಬಿಡುವುದಿಲ್ಲ. ಇಷ್ಟನ್ನು ನಮಗೆ ಅಂದು ಯಾರಾದರೂ ಕಲಿಸಿದ್ದರೆ, ಅಥವಾ ನಾನೇ ಬಾಯಿ ಬಿಟ್ಟು ಕೇಳಿದ್ದರೆ!

ನಮ್ಮ ಹೊಲದಲ್ಲೇ ಎರಡು ಒಳ್ಳೆಯ ಮಾದರಿಗಳಿವೆ. ಗೋವಿನಜೋಳದ ದಂಟನ್ನು ಅಡ್ಡ ಕೊಯ್ದರೆ ನೀರು ಸಾಗಿಸುವ ನಾಳಗಳ ಗೊಂಚಲು ಎಳ್ಳು ಚೆಲ್ಲಿದ ಹಾಗೆ ತುಂಬ ಹರಡಿರುತ್ತವೆ, ಬರಿಗಣ್ಣಿಗೂ ಚುಕ್ಕೆ ಕಾಣುತ್ತವೆ. ಸೂರ್ಯಕಾಂತಿಯ ಎಳೆಯ ಕಾಂಡದಲ್ಲಿ ಅವು ಬಳೆಯಂತೆ ಸುತ್ತ ಕೂತಿರುತ್ತವೆ. ಏಕದಳ, ದ್ವಿದಳ ಎಂದು ಬಾಯಿಪಾಠ ಮಾಡುವ ಮೊದಲು ಇವೆರಡನ್ನೂ ಕೊಯ್ದು ಪಕ್ಕಪಕ್ಕ ಇಟ್ಟ ಹುಡುಗಿ ಪರೀಕ್ಷೆಯಲ್ಲಿ ತಪ್ಪುವುದಿಲ್ಲ. ಪರೀಕ್ಷೆ ಮುಗಿದ ಮೇಲೂ ಮರೆಯುವುದಿಲ್ಲ.

ಗೋವಿನಜೋಳದ ಮಾತು ಬಂತು. ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ ಎಂಬುದು ಸ್ವಾಮಿಯವರ ಇನ್ನೊಂದು ಪುಸ್ತಕ. ನಾವು ದಿನಾ ತಿನ್ನುವ ಎಷ್ಟೋ ಪದಾರ್ಥಗಳು ಸಾಗರದಾಚೆಯಿಂದ ಬಂದ ಗಿಡಗಳು ಎಂಬುದನ್ನು ಅವರು ಅದರಲ್ಲಿ ಸ್ವಾರಸ್ಯವಾಗಿ ಬಿಡಿಸಿಟ್ಟಿದ್ದಾರೆ. ಶೇಂಗಾ, ಆಲೂಗಡ್ಡೆ, ಟೊಮ್ಯಾಟೊ, ಪೇರಲ, ಗೇರು, ಮೆಣಸಿನಕಾಯಿ ಇವೆಲ್ಲ ಅಮೆರಿಕ ಖಂಡಗಳ ಸಂತಾನ. ಪೋರ್ಚುಗೀಸರು ಹಡಗಿನಲ್ಲಿ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ. ಈ ಗಿಡಗಳು ಬಂದದ್ದು ಅದರ ನಂತರ. ನಮ್ಮ ನೆರೆಯ ಬ್ಯಾಡಗಿಯ ಮೆಣಸಿನಕಾಯಿಯ ಕೆಂಪು ಬಣ್ಣ ಲೋಕಕ್ಕೆಲ್ಲ ಹೆಸರಾಗಿದ್ದರೂ ಅದರ ತವರು ಇಲ್ಲಿಯದಲ್ಲ ಎಂದರೆ ಊರ ಹಿರಿಯರು ಒಪ್ಪುವುದಿಲ್ಲ. ಒಪ್ಪದವರೊಡನೆ ವಾದ ಬೇಡ, ಸಾಕ್ಷಿ ಹುಡುಕೋಣ.

ಸಾಕ್ಷಿ ಹುಡುಕಲು ನಮ್ಮೂರಿಗಿಂತ ಒಳ್ಳೆಯ ಜಾಗ ಯಾವುದಿದೆ? 1200ರ ಆಸುಪಾಸಿನ, ಏಕಾಂತದ ರಾಮಯ್ಯನ ಕತೆ ಹೇಳುವ ಶಾಸನ ನಮ್ಮ ಸೋಮೇಶ್ವರ ಗುಡಿಯಲ್ಲಿದೆ. ಹತ್ತೊಂಬತ್ತನೇ ಶತಮಾನದ ಕೊನೆಗೆ ಜೆ.ಎಫ್. ಫ್ಲೀಟ್ ಅದನ್ನು ಓದಿ ಪ್ರಕಟಿಸಿದ ಮೇಲೆ ಅಬಲೂರಿನ ಹೆಸರು ವಿದ್ವಾಂಸರಿಗೆಲ್ಲ ತಿಳಿಯಿತು. ಶಾಸನಗಳನ್ನು ಇತಿಹಾಸಕಾರರು ರಾಜರಿಗಾಗಿ ಓದುತ್ತಾರೆ, ಶರಣರ ಕತೆಗಾಗಿ ಓದುತ್ತಾರೆ. ಸ್ವಾಮಿಯವರು ಗಿಡಗಳಿಗಾಗಿ ಓದಿದರು, ‘ಶಾಸನಗಳಲ್ಲಿ ಗಿಡಮರಗಳು’ ಎಂಬ ಪುಸ್ತಕವನ್ನೇ ಬರೆದರು. ಹಳೆಯ ಕಾಲದವರು ಮೆಣಸು ಎಂದಾಗ ಅದು ಬಳ್ಳಿಯ ಕಾಳುಮೆಣಸು. ಹೊಸ ಕಾಯಿ ಬಂದಾಗ ಅದೂ ಖಾರವೇ ಆದ್ದರಿಂದ ಹಳೆಯ ಹೆಸರಿಗೇ ಕಾಯಿ ಸೇರಿಸಿ ಕರೆದರು. ಹೆಸರು ಹಳೆಯದು ಎಂಬ ಕಾರಣಕ್ಕೆ ಗಿಡವೂ ಹಳೆಯದು ಎನ್ನುವುದು ಆತುರದ ಮಾತಾಗುತ್ತದೆ. ಏಕಾಂತದ ರಾಮಯ್ಯನ ಕಾಲದ ಅಬಲೂರಿನ ಅಡಿಗೆಮನೆಯಲ್ಲಿ ಮೆಣಸಿನಕಾಯಿ, ಶೇಂಗಾ ಚಟ್ನಿ, ಟೊಮ್ಯಾಟೊ ಯಾವುದೂ ಇರಲಿಲ್ಲ. ಜೋಳದ ರೊಟ್ಟಿ ಇತ್ತು, ಚಟ್ನಿ ಬೇರೆ ಇತ್ತು.

ಇದಕ್ಕೆ ಎದುರುವಾದವೂ ಬಂದಿದೆ, ಅದನ್ನೂ ಹೇಳುವುದು ನ್ಯಾಯ. ಸ್ವಾಮಿಯವರು ತೀರಿಕೊಂಡ ಮೇಲೆ, 1989ರಲ್ಲಿ, ಸೋಮನಾಥಪುರದ ಹೊಯ್ಸಳ ಗುಡಿಯ ಶಿಲ್ಪಗಳ ಕೈಯಲ್ಲಿರುವುದು ಗೋವಿನಜೋಳದ ತೆನೆ ಎಂದು ಅಮೆರಿಕದ ಇಬ್ಬರು ಬರೆದರು. ಆ ಗುಡಿ ಹದಿಮೂರನೇ ಶತಮಾನದ್ದು, ಅಂದರೆ ಪೋರ್ಚುಗೀಸರಿಗಿಂತ ಎರಡು ಶತಮಾನ ಹಿಂದಿನದು. ನಮ್ಮ ದೇಶದ ವಿಜ್ಞಾನಿಗಳು ಅದು ಗೋವಿನಜೋಳ ಅಲ್ಲವೆಂದರು. ಹತ್ತನೇ ತರಗತಿಯ ಮಕ್ಕಳಿಗೆ ಇದನ್ನು ಕೇಳಬೇಕು: ಕಲ್ಲಿನಲ್ಲಿ ಕೆತ್ತಿದ ಕಾಳಿನ ಸಾಲು ಎಣಿಸಿದರೆ ಸಾಕೋ, ಆ ಕಾಲದ ಮಣ್ಣಿನ ಪದರದಲ್ಲಿ ಸುಟ್ಟ ಕಾಳೋ ಪರಾಗವೋ ಸಿಗಬೇಕೋ? ಯಾವ ಸಾಕ್ಷಿ ಸಿಕ್ಕರೆ ನೀವು ಅಭಿಪ್ರಾಯ ಬದಲಿಸುತ್ತೀರಿ? ತರಗತಿಯಲ್ಲಿ ಗದ್ದಲವಾದೀತು. ಅಂಥ ಗದ್ದಲಕ್ಕೆ ನಾನು ಎಂದೂ ಬೆತ್ತ ಎತ್ತಿಲ್ಲ.

ಪ್ರೆಸಿಡೆನ್ಸಿ ಕಾಲೇಜಿನಿಂದ ನಿವೃತ್ತರಾದ ಮೇಲೆ ಸ್ವಾಮಿಯವರು ಮೈಸೂರಿಗೆ ಬಂದು, ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂದರ್ಶಕ ಪ್ರಾಧ್ಯಾಪಕರಾಗಿ ಕೆಲಸ ಮುಂದುವರಿಸಿದರು. ಶಿಷ್ಯ ಕೆ.ವಿ. ಕೃಷ್ಣಮೂರ್ತಿಯವರ ಜೊತೆ ಬರೆದ, ಹೂವಿನಿಂದ ಹಣ್ಣಿನವರೆಗಿನ ಭ್ರೂಣಶಾಸ್ತ್ರವನ್ನು ವಿದ್ಯಾರ್ಥಿಗಳಿಗೆ ಹೇಳುವ ಇಂಗ್ಲಿಷ್ ಪುಸ್ತಕ 1980ರಲ್ಲಿ ಬಂತು. ಅದೇ ವರ್ಷ ನವೆಂಬರ್ 2ರಂದು ಅವರು ತೀರಿಕೊಂಡರು. ವಯಸ್ಸು 62. ಇನ್ನೂ ಎಷ್ಟೋ ಬರೆಯಬಹುದಾಗಿದ್ದ ವಯಸ್ಸು.

ಈಗ ಸಾರ್ಕಾಂಡ್ರಕ್ಕೆ ಮರಳಿ ಬರುತ್ತೇನೆ. 1950ರಿಂದ ಮೂವತ್ತೇಳು ವರ್ಷ ಸಾರ್ಕಾಂಡ್ರ ಕೊಳವೆಯಿಲ್ಲದ ಗಿಡವಾಗಿಯೇ ಪುಸ್ತಕಗಳಲ್ಲಿ ಉಳಿಯಿತು. 1987ರಲ್ಲಿ ಅಮೆರಿಕದ ಶೆರ್ವಿನ್ ಕಾರ್ಲ್‌ಕ್ವಿಸ್ಟ್ ಎಂಬ ವಿಜ್ಞಾನಿ ಅದರ ಬೇರಿನ ಕಟ್ಟಿಗೆಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕೆಲವು ಕೋಶಗಳ ತುದಿಗೋಡೆಯ ಗುಳಿಗಳಲ್ಲಿ ತೆಳುಪೊರೆ ಇರಲಿಲ್ಲ, ದಾರಿ ತೆರೆದಿತ್ತು. ಅಂದರೆ ಅದು ಕೊಳವೆಯೇ, ತೀರಾ ಆರಂಭದ ರೂಪದ ಕೊಳವೆ. ಮರುವರ್ಷ ಜಪಾನಿನ ಸಂಶೋಧಕರೊಬ್ಬರು ಕಾಂಡದಲ್ಲಿಯೂ ಅಂಥದ್ದು ಇದೆ ಎಂದು ವರದಿ ಮಾಡಿದರು. ಆ ಪೊರೆ ಇದೆಯೋ ಇಲ್ಲವೋ ಎಂಬುದು ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಖಚಿತವಾಗಿ ತಿಳಿಯುವಂಥದ್ದಲ್ಲ. ಮೇಲ್ಮೈಯನ್ನು ಅಷ್ಟು ಹಿಗ್ಗಿಸಿ ತೋರಿಸುವ ಆ ಬಗೆಯ ಎಲೆಕ್ಟ್ರಾನ್ ಯಂತ್ರಗಳು ಮಾರುಕಟ್ಟೆಗೆ ಬಂದದ್ದೇ 1965ರಲ್ಲಿ.

ಆರ್ಕಿಡ್‌ನ ಪಕ್ಕದ ಸೀಳಿನಲ್ಲಿ ಕಾಣದ ಕೋಶಕೇಂದ್ರವನ್ನು ಹುಡುಕಿದ ಅದೇ ಸ್ವಾಮಿಯವರಿಗೆ ಈ ಪೊರೆಯ ವಿಷಯದಲ್ಲಿ ಪಕ್ಕದ ಸೀಳು ಇರಲಿಲ್ಲ. ಒಮ್ಮೆ ತರಗತಿಯಲ್ಲಿ ಈ ಕತೆ ಹೇಳಿದಾಗ ಒಬ್ಬ ಹುಡುಗ ಎದ್ದು ನಿಂತು, ಹಾಗಾದರೆ ಸ್ವಾಮಿಯವರಿಗೆ ಎಷ್ಟು ಮಾರ್ಕು ಕೊಡಬೇಕು ಎಂದು ಕೇಳಿದ. ಉಳಿದವರು ನಕ್ಕರು. ನಾನು ಉತ್ತರ ಹೇಳದೆ 1950ರ ಪ್ರಬಂಧದಲ್ಲಿ ಅವರ ಮುಂದೆ ಇದ್ದದ್ದು ಏನು, ಇಲ್ಲದಿದ್ದದ್ದು ಏನು ಎಂದು ಬೋರ್ಡಿನ ಮೇಲೆ ಎರಡು ಸಾಲು ಬರೆದೆ. ಆಮೇಲೆ ಉಳ್ಳಾಗಡ್ಡಿ, ಬ್ಲೇಡು, ಗಾಜಿನ ಪಟ್ಟಿ ಹಂಚಿ, ಪುಸ್ತಕ ಮುಚ್ಚಿಡಲು ಹೇಳಿದೆ. ಆ ದಿನ ಬಂದ ಚಿತ್ರಗಳಲ್ಲಿ ಮೂರರಲ್ಲಿ ಚುಕ್ಕೆಗಳೇ ಇರಲಿಲ್ಲ, ಎರಡರಲ್ಲಿ ಗಾಳಿಯ ಗುಳ್ಳೆ ಇತ್ತು, ಪಕ್ಕದಲ್ಲಿ ಗುಳ್ಳೆ ಎಂದೇ ಬರೆದಿತ್ತು. ಆ ಎರಡಕ್ಕೂ ಪೂರ್ತಿ ಅಂಕ ಕೊಟ್ಟೆ.